ಕೊಸರು ಅಳೆದ ಅವರೆಕಾಲ

ಮೊನ್ನೆ ಶ್ರೀರಂಗಪಟ್ಟಣದ ಪೇಟೆಯಲ್ಲಿ ಅವರೆಕಾಳು ಕೊಳ್ಳಲು ನಿಂತಿದ್ದೆ. ಮಾರುವವನು ತಕ್ಕಡಿಯ ಕೆಂಪು ಅಂಕಿಯನ್ನೇ ದಿಟ್ಟಿಸುತ್ತ ಕಾಳು ಸುರಿದ. ಅಂಕಿ ಕೊಂಚ ಮೇಲೇರಿತು. ತಕ್ಷಣ ಎರಡು ಕಾಳು ಹೆಕ್ಕಿ ಬುಟ್ಟಿಗೆ ವಾಪಸ್ ಹಾಕಿದ. ನನಗೆ ಮೈ ಉರಿಯಿತು.

"ಏನಪ್ಪಾ, ಕೊಸರು ಹಾಕೋದು ಬಿಟ್ಟು ಇರೋದನ್ನೇ ತೆಗೀತೀಯಲ್ಲ?" ಅಂದೆ.

"ಮಿಷಿನ್ ತಕ್ಕಡಿ ಕಣಮ್ಮ, ಕರೆಕ್ಟಾಗಿ ತೋರುಸ್ತದೆ" ಅಂದ.

ನಾನು ಕೇಳಿದ್ದೇನು, ಅವನು ಹೇಳಿದ್ದೇನು! ಜಗಳಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಚೀಲದಿಂದ ಅವರೆಯ ಸೊಗಡು ಮೂಗಿಗೆ ಹೊಡೆಯಿತು, ಬಾಯಿ ತಾನಾಗಿ ಮುಚ್ಚಿತು. ಆ ವಾಸನೆ ಬಂದರೆ ನನಗೆ ಈ ವಯಸ್ಸಿನಲ್ಲೂ ಎಲ್ಲೋ ಬಸ್ಸು ಹೊರಟುಹೋಗುತ್ತಿದೆ ಅನ್ನಿಸುತ್ತದೆ. ದೇವಲಾಪುರದಿಂದ ಒಳಗಿನ ಆ ಹಳ್ಳಿಯನ್ನು ಬಿಟ್ಟು ಬಂದು ಎಷ್ಟೋ ಕಾಲವಾಯಿತು. ಒಮ್ಮೆಯೂ ತಿರುಗಿ ಹೋಗಿಲ್ಲ. ಹೋಗದೆ ಇರುವುದಕ್ಕೆ ಕಾರಣವೊಂದಿದೆ.

ತೊಂಬತ್ತರ ದಶಕದ ನಡುವಿನ ಮಾತು. ಟೀಚರ್ ಕೆಲಸ ಸಿಕ್ಕಿತು ಎಂದು ಹಿಗ್ಗುತ್ತಿರುವಾಗಲೇ ಆ ಹಳ್ಳಿಯ ಪ್ರಾಥಮಿಕ ಶಾಲೆಗೆ ನನ್ನನ್ನು ಹಾಕಿದರು. ನಮ್ಮ ಮನೆ ಪಾಲಹಳ್ಳಿಯಲ್ಲಿ. ಯಜಮಾನರಿಗೆ ಮೈಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳು ಸುಮ ಇನ್ನೂ ತೊದಲು ಮಾತಿನ ಕೂಸು, ಅವಳನ್ನು ನೋಡಿಕೊಳ್ಳಲು ನನ್ನ ಅಮ್ಮನೇ ಗತಿ. ಸೋಮವಾರ ಕೂಸು ಏಳುವ ಮುಂಚೆ ಕಳ್ಳಿಯ ಹಾಗೆ ಮನೆ ಬಿಡುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಒಂದು ಬಸ್ಸು, ಪಾಂಡವಪುರದ ಮೇಲೆ ಹಾದು ನಾಗಮಂಗಲ, ಅಲ್ಲಿ ಇನ್ನೊಂದು ಬಸ್ಸು, ಬೆಳಗಿನ ಹೊತ್ತು ಹಳ್ಳಿಯವರೆಗೆ ಬಸ್ಸಿಲ್ಲ, ದೇವಲಾಪುರದಲ್ಲಿ ಇಳಿದು ನಡಿಗೆ. ಶನಿವಾರ ಅರ್ಧ ದಿನದ ಶಾಲೆ ಮುಗಿದದ್ದೇ ಅದೇ ದಾರಿ ಹಿಂದಕ್ಕೆ. ನಡುವಿನ ದಿನಗಳಲ್ಲಿ ದೇವಲಾಪುರದ ಒಂದು ಬಾಡಿಗೆ ಕೋಣೆ. ಅಲ್ಲಿ ಬಟ್ಟೆಯನ್ನು ಚೀಲದಿಂದ ಹೊರಗೆ ತೆಗೆದು ಗೂಟಕ್ಕೆ ಹಾಕಲೂ ಮನಸ್ಸು ಬರುತ್ತಿರಲಿಲ್ಲ.

ನನಗೆ ತಾಳ್ಮೆ ಹುಟ್ಟಿದಾರಭ್ಯ ಇಲ್ಲ. ಪಾಠ ಮಾಡುತ್ತಲೇ ಕಿಟಕಿಯ ಕಡೆ ನೋಡುವುದು, ಬರೆಯುತ್ತಲೇ ಗಡಿಯಾರ ನೋಡಿಕೊಳ್ಳುವುದು. ಮಕ್ಕಳಿಗೆ ಇದೆಲ್ಲ ಗೊತ್ತಾಗಿಬಿಟ್ಟಿತ್ತು. ಶನಿವಾರ ನಾನು ಮೂರನೆಯ ಸಲ ಬಾಗಿಲಿಗೆ ಹೋಗಿ ಬಂದರೆ ಯಾವುದಾದರೂ ಮೂಲೆಯಿಂದ "ಬಸ್ಸಿಗಿನ್ನೂ ಟೇಮ್ ಅದೆ, ಕುಂತ್ಕಳಿ ಮಿಸ್" ಎಂದು ಸಮಾಧಾನ ಹೇಳುವ ದನಿ ಬರುತ್ತಿತ್ತು.

ಕೂರುವುದು ಹೇಗೆ? ಮಳೆಗಾಲ ಕಳೆಯುತ್ತಿದ್ದ ಹಾಗೆ ಒಂದು ಶನಿವಾರ ಮನೆಗೆ ಹೋದಾಗ ಮಗಳಿಗೆ ಮಾತು ಬಂದಿತ್ತು. ನನ್ನ ಅಮ್ಮನನ್ನು "ಅಮ್ಮ" ಎನ್ನುತ್ತಿದ್ದಳು. ನನ್ನನ್ನು ನೋಡಿ "ಪದ್ಮ ಬಂತು" ಅಂದಳು. ಅಮ್ಮ ನನ್ನನ್ನು ಕರೆಯುವುದು ಕೇಳಿ ಕಲಿತದ್ದು ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿತ್ತಲಿಗೆ ಹೋಗಿ ಅತ್ತೆ.

ರಾಗಿ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಹೆಡ್ ಮೇಷ್ಟ್ರು ನಿಂಗೇಗೌಡರು ಒಂದು ಸುದ್ದಿ ತಂದರು. ನಿವೃತ್ತಿ ಹತ್ತಿರವಾಗಿದ್ದ ಮನುಷ್ಯ. ಅವರಿಗೆ ಯಾವುದರ ಅವಸರವೂ ಇಲ್ಲ. ಸೈಕಲ್ಲು ನಿಲ್ಲಿಸಿ, ಬೀಗ ಹಾಕಿ, ಬೀಗ ಎಳೆದು ನೋಡಿ, ಆಮೇಲೆ ಬಾಯಿ ಬಿಟ್ಟರು.

"ಪದ್ಮಮ್ಮೋರೆ, ಸಂಕ್ರಾಂತಿಗೆ ಮುಂಚೆ ಇನ್‌ಸ್ಪೆಕ್ಟ್ರು ಬತ್ತಾವ್ರೆ. ಮಕ್ಳು ಕೈಯಾರೆ ಮಾಡಿ ಕಲಿಯೋ ಪಾಠ ಆಗ್ಬೇಕಂತೆ. ಅದ್ನ ನೀವೇ ಮಾಡ್ಬುಡಿ. ಚೆನ್ನಾಗಾದ್ರೆ ಪಾಂಡವಪುರದ ಟ್ರೈನಿಂಗ್ ಸೆಂಟ್ರಿಗೆ ನಿಮ್ನೇ ಆಕ್ಕತಾರಂತೆ."

ನನಗೆ ಕೇಳಿಸಿದ್ದು ಪಾಂಡವಪುರ ಒಂದೇ. ಅಲ್ಲಿಂದ ಸಂಜೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಪಾಲಹಳ್ಳಿ. ದಿನಾ ರಾತ್ರಿ ಮಗಳ ಪಕ್ಕ ಮಲಗಬಹುದು. ಅವಳು ನನ್ನನ್ನು ಏನೆಂದು ಕರೆಯಬೇಕೋ ಹಾಗೆ ಕರೆಯುತ್ತಾಳೆ. ಆ ಪಾಠ ಗೆಲ್ಲಲೇಬೇಕು ಎಂದು ಹಟ ಹಿಡಿದೆ.

ಪಾಠ ಯಾವುದು? ವಸ್ತುಗಳು ಮತ್ತು ಅಳತೆ. ಶಾಲೆಯಲ್ಲಿದ್ದ ವಿಜ್ಞಾನದ ಪೆಟ್ಟಿಗೆ ತೆರೆದರೆ ಅಳತೆಯ ಗಾಜಿನ ಪಾತ್ರೆ ಎಂದೋ ಒಡೆದಿತ್ತು. ದೇವಲಾಪುರದ ಆಸ್ಪತ್ರೆಗೆ ಹೋಗಿ ಖಾಲಿ ಗ್ಲೂಕೋಸ್ ಬಾಟಲಿ ಬೇಡಿ ತಂದೆ, ಅದರ ಮೈಮೇಲೆ ಗೆರೆಗಳಿರುತ್ತಿದ್ದವು. ಕುದಿನೀರಿನಲ್ಲಿ ತೊಳೆದು ಒಣಗಿಸಿದೆ. ತೆಂಗಿನ ಚಿಪ್ಪಿಗೆ ದಾರ ಕಟ್ಟಿ, ಬಿದಿರು ಕಡ್ಡಿಗೆ ತೂಗುಹಾಕಿ ಮಕ್ಕಳೇ ತಕ್ಕಡಿ ಮಾಡಿದರು. ಕಡ್ಡಿ ಒಂದು ಕಡೆ ವಾಲಿದರೆ ಆ ಚಿಪ್ಪನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸಮ ಮಾಡುವುದು. ಉಜ್ಜುವುದು ಹೆಚ್ಚಾದರೆ ಇನ್ನೊಂದು ಕಡೆ ವಾಲುತ್ತಿತ್ತು. ಆಗ ಆ ಚಿಪ್ಪನ್ನು ಉಜ್ಜುವುದು. ಕೊನೆಗೆ ಚಿಪ್ಪು ಉಳಿಯುತ್ತದೋ ಇಲ್ಲವೋ ಎಂದು ನನಗೆ ದಿಗಿಲಾಗುತ್ತಿತ್ತು.

ನೀರು ಕುಡಿಯುವುದು ಯಾವುದು, ಕುಡಿಯದ್ದು ಯಾವುದು ಎಂದು ಇಟ್ಟಿಗೆ, ಹೆಂಚಿನ ಚೂರು, ಸ್ಲೇಟು, ಗೋಣಿತಾಟು, ಸೀಮೆಸುಣ್ಣ ಎಲ್ಲವನ್ನೂ ಬಕೆಟ್ಟಿನಲ್ಲಿ ಮುಳುಗಿಸಿದೆವು. ಒಣ ಅವರೆಯನ್ನು ಲೋಟದ ತುಂಬ ಅಳೆದು ನೆನೆಹಾಕಿದರೆ ಮರುದಿನ ಅದೇ ಲೋಟಕ್ಕೆ ಹಿಡಿಸಲಿಲ್ಲ. ಹೆಚ್ಚಾದದ್ದು ಏನು ಎಂದು ಕೇಳಿದೆ. ನೀರು ಎಂದು ಅರ್ಧ ತರಗತಿ, ಕಾಳು ಎಂದು ಇನ್ನರ್ಧ, ಹೊಡೆದಾಟವಾಗುವುದೊಂದು ಬಾಕಿ. ಇನ್ನೊಂದು ದಿನ ಬೆಲ್ಲವನ್ನು ನೀರಿಗೆ ಹಾಕಿ ಕಲಕಿ, ಬೆಲ್ಲ ಎಲ್ಲಿ ಹೋಯಿತು ಎಂದೆ. ನಾಗರಾಜ ಎನ್ನುವವನು ಗಟಗಟ ಕುಡಿದು ಹೊಟ್ಟೆ ಸವರಿಕೊಂಡು "ಎಲ್ಲೂ ಓಗಿಲ್ಲ ಮಿಸ್, ಇಲ್ಲೇ ಅದೆ" ಅಂದ. ನನಗೇ ಗೊತ್ತಿಲ್ಲದೆ ಆ ಹೊತ್ತು ಕಿಟಕಿಯ ಕಡೆ ನೋಡುವುದು ಮರೆತಿತ್ತು.

ತೊಂದರೆ ಬಂದದ್ದು ಅಳತೆಯಲ್ಲಿ. ಸೇರಿನ ತುಂಬ ಕಾಳು ತುಂಬಬೇಕು, ಅಡಿಪಟ್ಟಿಯಿಂದ ಬಾಯಿಯ ಮಟ್ಟಕ್ಕೆ ಸವರಬೇಕು, ಅದು ಒಂದು ಸೇರು. ನಾಲ್ಕನೆಯ ತರಗತಿಯ ಭಾಗ್ಯ ಎನ್ನುವ ಹುಡುಗಿ ಇದನ್ನು ಚೊಕ್ಕವಾಗಿ ಮಾಡಿದಳು. ಬಟ್ಟಲಿಗೆ ಸುರಿದಳು. ಆಮೇಲೆ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ಮೇಲೆ ಹಾಕಿದಳು.

"ಅದ್ಯಾಕೆ ಹಾಕಿದೆ?"

"ಕೊಸ್ರು ಮಿಸ್."

"ಅಳತೆ ಸರಿಯಾಗಿತ್ತಲ್ಲ?"

"ಊ ಮಿಸ್, ಅಳ್ತೆ ಆಯ್ತು. ಇದು ಕೊಸ್ರು."

ಅವಳೊಬ್ಬಳೇ ಆಗಿದ್ದರೆ ತಿದ್ದಬಹುದಿತ್ತು. ಇಡೀ ತರಗತಿಯ ಕೈಯೇ ಹಾಗೆ. ಗ್ಲೂಕೋಸ್ ಬಾಟಲಿಗೆ ಗೆರೆಯವರೆಗೆ ನೀರು ಹಿಡಿ ಎಂದರೆ ಗೆರೆಯವರೆಗೆ ಹಿಡಿದು, ಬಗ್ಗಿ ನೋಡಿ, ಮೇಲೊಂದು ತೊಟ್ಟು. ಹಗ್ಗ ಒಂದು ಮೀಟರ್ ಅಳೆ ಎಂದರೆ ಮೀಟರ್ ಅಳೆದು, ಹೂವು ಮಾರುವವರು ಮೊಳದ ಮೇಲೆ ಬಿಡುವ ಹಾಗೆ ಇನ್ನೊಂದು ಬೆರಳಿನಷ್ಟು ಬಿಟ್ಟು ಗಂಟು. ಎಂಥ ಲೆಕ್ಕ ಬರುತ್ತದೆ? ಒಂದು ಗುಂಪಿನ ಉತ್ತರ ಇನ್ನೊಂದು ಗುಂಪಿಗೆ ಹೊಂದುವುದಿಲ್ಲ. ಬೈದೆ, ಬೇಡಿಕೊಂಡೆ, ಮೇಜು ಕುಟ್ಟಿದೆ. ಅಂದು ಹೂಂಗುಟ್ಟುವುದು, ಮಾರನೆಯ ದಿನ ಮತ್ತೆ ಕೊಸರು. ಇನ್‌ಸ್ಪೆಕ್ಟರ ಮುಂದೆಯೂ ಹೀಗೇ ಮಾಡಿದರೆ ನನ್ನ ಪಾಂಡವಪುರ ಮುಗಿಯಿತು ಎಂದು ಒಳಗೆ ಕುದಿಯುತ್ತಿದ್ದೆ.

ಭಾಗ್ಯಳ ಅಜ್ಜಿ ತಿಮ್ಮಮ್ಮ ಊರ ಹಾಲಿನ ಡೇರಿಯ ಮುಂದೆ ಬುಟ್ಟಿ ಇಟ್ಟುಕೊಂಡು ಅವರೆಕಾಳು, ಹುರುಳಿ ಮಾರುತ್ತಿದ್ದಳು. ಒಂದು ಸಂಜೆ ಅವಳ ಹತ್ತಿರವೇ ಹೋಗಿ ದೂರು ಹೇಳಿದೆ. ಮೊಮ್ಮಗಳಿಗೆ ನೀವೇ ಬುದ್ಧಿ ಹೇಳಿ, ಶಾಲೆಯಲ್ಲಿ ಕೊಸರು ಬೇಡ ಅಂತ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕುಂತ್ಕಳವ್ವ ಮೊದ್ಲು. ಅದೇನು ಯಾವಾಗ್ಲೂ ಕಾಲ್ಮೇಲೆ ನಿಂತಿರ್ತೀಯ" ಅಂದಳು. ಕೂತೆ. "ಕೊಸ್ರು ಯಾಕೆ ಅಂದ್ರೆ, ಇಸ್ಕೊಂಡೋದೋರು ತಿರ್ಗಾ ಬರ್ಲಿ ಅಂತ. ಸಮಕ್ಕೆ ಸಮ ಅಳ್ದು ಕೊಟ್ಬುಟ್ರೆ ಅಲ್ಲಿಗೇ ತೀರೋಯ್ತು. ಇನ್ಯಾಕೆ ಬತ್ತಾರೆ ಅವ್ರು?"

ನಾನು ಕೇಳದೆಯೇ ಒಂದು ಪಾವು ಕಾಳು ಅಳೆದು ನನ್ನ ಸೆರಗಿಗೆ ಸುರಿದಳು, ಮೇಲೆ ಎರಡು ಹಿಡಿ ಹಾಕಿದಳು. ನಾನು ದುಮುಗುಡುತ್ತ ಕೋಣೆಗೆ ಹೋದೆ. ಬುದ್ಧಿ ಹೇಳಿಸಲು ಹೋದವಳು ಕೊಸರು ಕಟ್ಟಿಕೊಂಡು ಬಂದಿದ್ದೆ.

ಚಳಿ ಬಿತ್ತು. ಬೆಳಗ್ಗೆ ಅವರೆ ಹೊಲದ ಬದಿಯಲ್ಲಿ ನಡೆದು ಹೋದರೆ ಸೀರೆಯಂಚು ಇಬ್ಬನಿಯಲ್ಲಿ ನೆನೆದು, ಮೈಯೆಲ್ಲ ಸೊಗಡು ಮೆತ್ತಿಕೊಳ್ಳುತ್ತಿತ್ತು. ಒಂದು ಭಾನುವಾರ ಮಗಳಿಗೆ ಕೆಮ್ಮು. ಡಾಕ್ಟರು ಕೊಟ್ಟ ಸಿರಪ್ಪನ್ನು ಬಾಟಲಿಯ ಮುಚ್ಚಳದಲ್ಲೇ ಗೆರೆ ನೋಡಿ ಕುಡಿಸಿದ್ದೆ. ಸೋಮವಾರ ತರಗತಿಯಲ್ಲಿ ಸೀಮೆಸುಣ್ಣಕ್ಕೆಂದು ಚೀಲಕ್ಕೆ ಕೈ ಹಾಕಿದರೆ ಆ ಮುಚ್ಚಳ ಕೈಗೆ ಬಂತು. ಅವಸರದಲ್ಲಿ ಎತ್ತಿಕೊಂಡು ಬಂದುಬಿಟ್ಟಿದ್ದೆ. ಬಾಟಲಿ ಪಾಲಹಳ್ಳಿಯಲ್ಲಿ, ಮುಚ್ಚಳ ಇಲ್ಲಿ. ಅಮ್ಮ ಯಾವುದರಲ್ಲಿ ಅಳೆದು ಕುಡಿಸುತ್ತಾಳೆ? ಆ ದಿನ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಸಂಜೆ ದೇವಲಾಪುರದ ಎಸ್‌ಟಿಡಿ ಬೂತಿಗೆ ಓಡಿದೆ. ಪಾಲಹಳ್ಳಿಯಲ್ಲಿ ಪಕ್ಕದ ಮನೆಗೆ ಫೋನು ಮಾಡಿ ಅಮ್ಮನನ್ನು ಕರೆಸಿದೆ.

"ಚಮ್ಚದಲ್ಲಿ ಅಂದಾಜಿಗೆ ಆಕ್ತಾ ಇವ್ನಿ, ನೀ ಸುಮ್ಕಿರು. ಮಗಿಗೆ ಕೆಮ್ಮು ಜೋರಾಗೇ ಅದೆ, ಒಂದು ತೊಟ್ಟು ಎಚ್ಚಾಗೇ ಆಕಿವ್ನಿ" ಅಂದಳು ಅಮ್ಮ.

"ಅಮ್ಮಾ, ಔಷಧಿಗೆ ಕೊಸರು ಹಾಕಬೇಡ!"

ಬೂತಿನ ಗಾಜು ಅದುರುವ ಹಾಗೆ ಕಿರುಚಿದ್ದೆ. ಹೊರಗೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಚಮಚಕ್ಕೆ ಇಷ್ಟೇ ತುಂಬು, ಇಷ್ಟೇ ಎಂದು ಬೆರಳು ತೋರಿಸಿ ಹೇಳಿದೆ, ಅವಳಿಗೆ ಕಾಣುತ್ತದೆ ಎನ್ನುವಂತೆ. ಅವಳು ಆಗಲಿ ಆಗಲಿ ಅಂದಳು. ಫೋನು ಇಟ್ಟು, ದುಡ್ಡು ಕೊಟ್ಟು ಹೊರಬಿದ್ದೆ. ಕೋಣೆಗೆ ನಡೆಯುತ್ತ ನಡೆಯುತ್ತ ನಾನು ಆಡಿದ ಮಾತು ನನ್ನ ಕಿವಿಗೇ ಮತ್ತೆ ಬಿತ್ತು. ಕೊಸರು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು? ಇದನ್ನು ನಾನು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಬೇಡ ಬೇಡ ಎಂದು ಕೂಗಿದ್ದೇ ಕೂಗಿದ್ದು.

ಮಾರನೆಯ ದಿನ ಆ ಮುಚ್ಚಳವನ್ನೇ ಮೇಜಿನ ಮೇಲಿಟ್ಟು ಹೇಳಿದೆ. "ಇವತ್ತು ಎಲ್ಲರೂ ಕೊಸರು ಹಾಕಿ. ಆದರೆ ನಿಮ್ಮ ನಿಮ್ಮ ಕೊಸರು ಎಷ್ಟು ಅಂತ ಇದರಲ್ಲಿ ಅಳೆದು ಹೇಳಬೇಕು."

ಮಕ್ಕಳಿಗೆ ಹುಚ್ಚೇ ಹಿಡಿಯಿತು. ಒಬ್ಬೊಬ್ಬರೂ ಹಿಡಿ ತುಂಬ ರಾಗಿ ತೆಗೆದು ಮುಚ್ಚಳದಿಂದ ಅಳೆದರು. ನಾಗರಾಜನ ಹಿಡಿ ದೊಡ್ಡದು, ಮುಚ್ಚಳದ ಮೇಲೆ ಮುಚ್ಚಳ ತುಂಬಿತು. ಪುಟ್ಟ ಸವಿತಳ ಹಿಡಿ ಒಂದೆರಡು ಮುಚ್ಚಳಕ್ಕೇ ಮುಗಿಯಿತು. ಅವನಿಗೂ ಕೊಸರೇ, ಇವಳಿಗೂ ಕೊಸರೇ, ಎರಡೂ ಒಂದೇ ಅಲ್ಲ! ಒಬ್ಬನೇ ಎರಡು ಸಲ ಹಿಡಿದರೂ ಒಂದೇ ಬರುವುದಿಲ್ಲ ಎನ್ನುವುದನ್ನು ಅವರೇ ಕಂಡುಕೊಂಡರು. "ಅದ್ಕೇ ಸೇರು ಬೇಕು ಮಿಸ್, ಕೈಯ ನಂಬಂಗಿಲ್ಲ" ಎಂದು ಭಾಗ್ಯ ತೀರ್ಪು ಕೊಟ್ಟಳು. ನಾನು ಬಾಯಿ ಬಿಟ್ಟು ನೋಡಿದೆ. ಅಷ್ಟು ದಿನ ನಾನು ಮೇಜು ಕುಟ್ಟಿದ್ದು ಈ ಒಂದು ಮಾತಿಗಾಗಿ.

"ಈ ಮುಚ್ಳ ಯಾರ್ದು ಮಿಸ್?" ಎಂದು ಅವಳೇ ಕೇಳಿದಳು.

"ನನ್ನ ಮಗಳ ಔಷಧಿದು. ಗೆರೆ ಮೀರಿ ಒಂದು ತೊಟ್ಟೂ ಹಾಕಬಾರದು. ಔಷಧಿಗೆ ಕೊಸರಿಲ್ಲ."

"ಪಾಪು ಎಲ್ಲವ್ಳೆ?"

"ಪಾಲಹಳ್ಳೀಲಿ."

"ನೀವು ಇಲ್ಯಾಕಿದ್ದೀರಿ ಮತ್ತೆ?"

ಮಗ್ಗಿ ಬರೆಯಿರಿ ಎಂದು ಎಲ್ಲರಿಗೂ ಸ್ಲೇಟು ತೆಗೆಸಿದೆ. ಅಂದಿನಿಂದ ಭಾಗ್ಯ ಪ್ರತಿ ಸೋಮವಾರ ನನ್ನನ್ನು ಗೇಟಿನಲ್ಲೇ ಹಿಡಿದು "ಪಾಪು ಕೆಮ್ಮು ವಾಸಿ ಆಯ್ತಾ? ನಿಮ್ನ ಕಂಡ್ರೆ ಬತ್ತದಾ?" ಎಂದು ವಿಚಾರಿಸುತ್ತಿದ್ದಳು. ಬರುತ್ತದೆ ಎಂದು ನಾನು ಹೇಳುತ್ತಿದ್ದೆ. ಅವಳು ನಂಬಿದ ಹಾಗೆ ಕಾಣುತ್ತಿರಲಿಲ್ಲ.

ಇನ್‌ಸ್ಪೆಕ್ಟರು ಬಂದ ದಿನ ಬೆಳಗಿನಿಂದ ಚಿಪ್ಪಿನ ತಕ್ಕಡಿಯನ್ನು ಹತ್ತಾರು ಸಲ ಎತ್ತಿ ನೋಡಿದ್ದೆ. ಅವರು ಶೀಳನೆರೆ ಕಡೆಯವರಂತೆ, ದಪ್ಪ ಮೀಸೆ, ಮಾತು ಕಡಿಮೆ. ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳೂ ಬಂದು ಗೋಡೆಯ ಸಾಲಿಗೆ ಕೂತರು. ಪಾಠ ನಡೆಯಿತು. ಚಿಪ್ಪಿನ ತಕ್ಕಡಿ ಸಮ ನಿಂತಿತು. ಹಿಡಿಗಳನ್ನು ಮುಚ್ಚಳದಿಂದ ಅಳೆದು ಹೋಲಿಸಿದ್ದಾಯಿತು. ಅಷ್ಟು ಹೊತ್ತಿಗೆ ಮಗಳ ಮುಚ್ಚಳ ಮನೆ ಸೇರಿತ್ತು, ನಾಗಮಂಗಲದ ಔಷಧಿ ಅಂಗಡಿಯಲ್ಲಿ ಬೇರೊಂದು ಕೇಳಿ ತಂದಿದ್ದೆ. ಕೊನೆಗೆ ಭಾಗ್ಯ ಅದರಲ್ಲಿ ನೀರನ್ನು ಗೆರೆಗೆ ಸರಿಯಾಗಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ "ಇದು ಔಸ್ದಿ ಅಳ್ತೆ, ಇದಕ್ಕೆ ಕೊಸ್ರಿಲ್ಲ" ಎಂದು ಇಟ್ಟಳು. ಆಮೇಲೆ ಸೇರಿನಲ್ಲಿ ಕಾಳು ತುಂಬಿ, ಸವರಿ, ಬಟ್ಟಲಿಗೆ ಸುರಿದು "ಇದು ಅಳ್ತೆ" ಅಂದಳು.

ಅಲ್ಲಿಗೆ ಪಾಠ ಮುಗಿಯಬೇಕಿತ್ತು. ಇನ್‌ಸ್ಪೆಕ್ಟರು ಇದ್ದಕ್ಕಿದ್ದಂತೆ ಎರಡೂ ಕೈ ಒಡ್ಡಿ "ನಂಗೆ ಕೊಸ್ರು ಇಲ್ವೇನವ್ವ?" ಅಂದರು.

ಭಾಗ್ಯ ನನ್ನ ಮುಖ ನೋಡಲಿಲ್ಲ. ಅವರನ್ನೇ ನೋಡಿ ಕೇಳಿದಳು. "ತಿರ್ಗಾ ಬತ್ತೀರಾ ಸಾ?"

ಕೋಣೆ ಗೊಳ್ಳೆಂದಿತು. "ಬತ್ತೀನಿ ಕಣವ್ವ" ಎಂದು ಅವರು ಮೀಸೆಯಡಿಯಲ್ಲಿ ನಕ್ಕರು. ಆಗಲೇ ಅವಳು ಬುಟ್ಟಿಗೆ ಕೈ ಹಾಕಿ, ಹಿಡಿ ತುಂಬ ಕಾಳು ತೆಗೆದು ಅವರ ಕೈಗೆ ಹಾಕಿದ್ದು.

ಸಂಕ್ರಾಂತಿ ಮುಗಿದ ವಾರದಲ್ಲೇ ಆದೇಶ ಬಂತು. ನಿಂಗೇಗೌಡರು ಸೈಕಲ್ಲಿಗೆ ಬೀಗ ಹಾಕುವುದನ್ನೂ ಮರೆತು ಬಂದು ಹೇಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು, ಮುಚ್ಚಿಡುವುದೇನಿದೆ! ಅಂದೇ ರಾತ್ರಿ ಚೀಲ ಕಟ್ಟಿಟ್ಟೆ. ಗೂಟಕ್ಕೆ ಹಾಕದ ಬಟ್ಟೆ ಕಟ್ಟಲು ಎಷ್ಟು ಹೊತ್ತು ಬೇಕು?

ಮಾರನೆಯ ದಿನ ಮಕ್ಕಳಿಗೆ ಹೇಳಿ ಹೊರಟೆ. ಮಧ್ಯಾಹ್ನ ಆ ಹಳ್ಳಿಯ ದಾರಿಗೆ ಬರುವ ಬಸ್ಸು ಒಂದೇ, ಅದು ಹೋದರೆ ಮತ್ತೆ ಇಳಿಹೊತ್ತಿಗೇ. ಚೀಲ ಹೆಗಲಿಗೇರಿಸಿ ಗಡಿಯಾರ ನೋಡಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದೆ. ಭಾಗ್ಯ ಬುಟ್ಟಿ, ಸೇರು ಎರಡನ್ನೂ ಹೊತ್ತುಕೊಂಡು ಓಡಿ ಬಂದಳು.

"ಅಜ್ಜಿ ಕೊಡಾಕೇಳ್ತು ಮಿಸ್, ಒಂದು ಸೇರು. ಪಾಪುಗೆ ಸಾರು ಮಾಡ್ಕೊಡ್ಬೇಕಂತೆ."

ಅಲ್ಲೇ ಜಗಲಿಯ ಮೇಲೆ ಕೂತು ಸೇರು ತುಂಬಿದಳು. ಸುಸ್ತಾಗಿ ಉಸಿರು ಬಿಡುತ್ತಿದ್ದರೂ ಅಡಿಪಟ್ಟಿ ಮರೆತಿರಲಿಲ್ಲ. ಸೇರಿನ ಬಾಯಿಯ ಮೇಲೆ ನಿಧಾನವಾಗಿ ಎಳೆದಳು. ಹೆಚ್ಚಿನ ಕಾಳುಗಳು ಬುಟ್ಟಿಗೆ ಬಿದ್ದವು. ಸೇರನ್ನು ನನ್ನ ಚೀಲಕ್ಕೆ ಸುರಿದಳು. ನಾನು ಚೀಲದ ಬಾಯಿ ಅಗಲಿಸಿಕೊಂಡೇ ನಿಂತಿದ್ದೆ. ಅವಳು ಸೇರನ್ನು ಬುಟ್ಟಿಯೊಳಗೆ ಕವುಚಿಟ್ಟು ಎದ್ದಳು.

"ಎಲ್ಲೇ ನನ್ನ ಕೊಸರು?" ಎಂದು ನಗುತ್ತ ಕೇಳಿದೆ.

ಅವಳು ನಗಲಿಲ್ಲ. "ನಿಮ್ಗಿಲ್ಲ ಮಿಸ್."

"ಇನ್‌ಸ್ಪೆಕ್ಟರಿಗೆ ಕೊಟ್ಟೆಯಲ್ಲ?"

"ಕೊಸ್ರು ಆಕುದ್ರೆ ತಿರ್ಗಾ ಬರ್ಬೇಕಾಯ್ತದೆ. ನೀವು ಬರ್ಬ್ಯಾಡಿ ಮಿಸ್. ನೀವು ಬಂದ್ಬುಟ್ರೆ ಪಾಪು ಅಲ್ಲಿ ಒಂದೇ ಆಯ್ತದೆ."

ಅಷ್ಟು ಹೇಳಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟಳು, ಎಲ್ಲಿ ತಾನೇ ತಾನಾಗಿ ಬುಟ್ಟಿಗೆ ಹೋಗಿಬಿಡುತ್ತದೋ ಎನ್ನುವ ಹಾಗೆ. ದಾರಿಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು. "ಬಸ್ ಬಂತು ಓಡಿ ಮಿಸ್" ಎಂದು ಮಕ್ಕಳೆಲ್ಲ ಕೂಗಿದರು. ಮೇಷ್ಟ್ರು ಕೈ ಬೀಸಿ ಬಸ್ಸು ನಿಲ್ಲಿಸಲು ಹೋದರು.

ನಾನು ಚೀಲ ಕೆಳಗಿಟ್ಟು ಜಗಲಿಯ ಮೇಲೆ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತುಬಿಟ್ಟೆ. ಇಡೀ ವರ್ಷ ಒಂದು ಬಸ್ಸೂ ತಪ್ಪಿಸಿಕೊಳ್ಳದಿದ್ದವಳು ಅದೊಂದನ್ನು ಬಿಟ್ಟೆ.